ಮೂರನೆಯ ವರ್ಷದ ಪಾಟಿ

ರೌದ್ರಿ ನಾಮ ಸಂವತ್ಸರ, ಚೈತ್ರ ಶುದ್ಧ ದಶಮಿ.
ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ನೂರ ಅರವತ್ತನೆಯ ಇಸವಿ.
ತೆಪ್ಪದಗಡ್ಡಿ, ಹೊಳೆಯ ಮೆಟ್ಟಿಲು.

ನನ್ನ ಆಯಿಯ ಆಯಿಯಾದ ಶೈಲಶ್ರೀಗೆ ನಿಂಬೆವ್ವ ಮಾಡುವ ಶರಣಾರ್ಥಿ.

ಈ ತಾರೀಖು ನೋಡಿ ಗಾಬರಿಯಾಗಬೇಡ. ನೀನು ಶಿವನ ಪಾದ ಸೇರಿ ಎಷ್ಟೋ ವರ್ಷವಾದ ಮೇಲೆ ಹುಟ್ಟಿದವಳು ನಾನು. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಟಪಾಲು ನಮ್ಮಲ್ಲಿಯೂ ಇಲ್ಲ. ಆದರೆ ಯುಗಾದಿಯ ಹತ್ತನೆಯ ದಿನ ಮನೆಯ ಹಿರಿಯರೊಬ್ಬರಿಗೆ ಪತ್ರ ಬರೆದು, ಲಿಂಗದ ಮುಂದೆ ಒಮ್ಮೆ ಗಟ್ಟಿಯಾಗಿ ಓದಿ, ಪೆಟ್ಟಿಗೆಯಲ್ಲಿಡುವುದು ನಮ್ಮ ರೂಢಿ. ಓದಿದ್ದು ಮುಟ್ಟುತ್ತದೆ ಎಂದು ನಂಬಿದ್ದೇವೆ. ಪ್ರತಿ ವರ್ಷ ನನ್ನ ತಾಯಿಗೆ ಬರೆಯುತ್ತಿದ್ದೆ. ಈ ಸಲ ನಿನಗೆ ಬರೆಯಬೇಕಾಗಿ ಬಂತು. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರವೆನಿಸಬಹುದು. ಬಂದಲ್ಲಿ ಬಿಡಿಸಿ ಹೇಳುತ್ತೇನೆ, ತಿಳಿಯದಿದ್ದರೆ ಹೊಟ್ಟೆಯಲ್ಲಿ ಹಾಕಿಕೋ. ಇನ್ನೊಂದು ತೊಡಕೂ ಇದೆ. ವಂಶದಲ್ಲಿ ನೀನು ಆಯಿ, ನನ್ನ ಅಜ್ಜಿಯ ಅಜ್ಜಿ. ಆದರೆ ನಿನ್ನ ಹಾಳೆಯ ಮೂಲೆಯಲ್ಲಿ ‘ಮೂವತ್ತಾರಕ್ಕೆ ಕಾಲಿಟ್ಟೆ’ ಎಂದು ಬರೆದಿದ್ದೀ. ನನಗೆ ಐವತ್ತು ತುಂಬಿತು. ಆದ್ದರಿಂದ ಆಯಿ ಎಂದು ಕರೆದರೂ ತಂಗಿಯೊಡನೆ ಮಾತಾಡಿದಂತೆ ಮಾತಾಡುತ್ತೇನೆ.

ಮೊದಲು ನಮ್ಮ ಬಾಳುವೆ ಹೇಗೆ ಎಂದು ಹೇಳುತ್ತೇನೆ. ನಮ್ಮ ಊರು ಕೃಷ್ಣೆಯ ದಂಡೆಯಲ್ಲಿದೆ. ಹದಿನಾಲ್ಕು ಮನೆಗಳು ಗೋಡೆಗೆ ಗೋಡೆ ಹಚ್ಚಿ ಒಂದೇ ಉದ್ದ ಮಾಡಿನ ಕೆಳಗೆ ನಿಂತಿವೆ. ಇದಕ್ಕೆ ಸಾಲು ಎನ್ನುತ್ತೇವೆ. ಇಂಥ ಆರು ಸಾಲು ಸೇರಿ ಊರು. ನಡುಹಗಲು ಹೊರಗೆ ಕಾಲಿಡಲಾಗದಂಥ ಬಿಸಿಲು. ನಸುಕಿನಲ್ಲಿ ದುಡಿದು, ಮಧ್ಯಾಹ್ನ ಮಲಗಿ, ಇಳಿಹೊತ್ತಿಗೆ ಮತ್ತೆ ಏಳುತ್ತೇವೆ. ಮನೆಗೊಂದು ಒಲೆ ಎಂಬುದು ನಮ್ಮಲ್ಲಿಲ್ಲ. ಸಾಲಿಗೊಂದು ಕೂಡೊಲೆ ಇದೆ. ನೆಲದಲ್ಲಿ ಆಳಕ್ಕೆ ತೋಡಿದ ಗುಂಡಿ, ಅದರ ತುಂಬ ಕರಿಕಲ್ಲು. ಮಾಡಿನ ಮೇಲಿನ ಕನ್ನಡಿಗಳು ದಿನವಿಡೀ ಆ ಕಲ್ಲುಗಳನ್ನು ಕಾಯಿಸುತ್ತವೆ. ಅವು ಆರುವುದರೊಳಗೆ ನಲವತ್ತಮೂರು ಮಂದಿಯ ಅಡಿಗೆ ಮುಗಿಯಬೇಕು. ಹಾಗಾಗಿ ಯಾರ ಮನೆಗೆ ಏನು ಊಟ ಎಂದು ಏಳು ದಿನ ಮೊದಲೇ ಗೊತ್ತಿರಬೇಕು. ಯಾವ ಕಾಳು ನೆನೆಹಾಕುವುದು, ಯಾವುದಕ್ಕೆ ಮೊಳಕೆ ಕಟ್ಟುವುದು, ಯಾವ ಮಡಿಯ ಸೊಪ್ಪು ಕೊಯ್ಯುವುದು, ಎಲ್ಲ ಅದರ ಮೇಲೆಯೇ ನಿಂತಿದೆ. ಪ್ರತಿ ರವಿವಾರ ಈ ಯಾದಿಯನ್ನು ಕಪ್ಪು ಕಲ್ಲಿನ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು, ದಿನಾ ತಿದ್ದುತ್ತೇವೆ. ಬರೆಯುವ ಹಲಗೆಗೆ ನಮ್ಮ ಕಡೆ ಪಾಟಿ ಎನ್ನುತ್ತಾರೆ. ನಿಮ್ಮ ಕಾಲದಲ್ಲೂ ಮಕ್ಕಳ ಕೈಯಲ್ಲಿ ಪಾಟಿ ಇರುತ್ತಿತ್ತಂತೆ. ಹನ್ನೊಂದು ವರ್ಷದಿಂದ ಈ ವಾರದ ಪಾಟಿಯನ್ನು ಬರೆಯುವವಳು ನಾನು. ಯಾರಿಗೆ ಹಲ್ಲುನೋವು, ಯಾರಿಗೆ ಸೋಮವಾರ ಒಪ್ಪತ್ತು, ಯಾವ ಬಸುರಿಗೆ ಪುಂಡಿಪಲ್ಯದ ಆಸೆ, ಯಾವ ಮುದುಕನಿಗೆ ಸಜ್ಜೆರೊಟ್ಟಿ ಆಗಿಬರುವುದಿಲ್ಲ, ಕೇಳದೆಯೇ ಹೇಳುತ್ತೇನೆ. ಹೆಮ್ಮೆಯ ಮಾತಲ್ಲ. ಆದರೂ ಹೆಮ್ಮೆ ಇತ್ತು.

ಇನ್ನೆರಡು ಪದ್ಧತಿಗಳನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ಜೋಡಿಹೊತ್ತು. ಹದಿನೈದು ದಿನಕ್ಕೊಮ್ಮೆ ಗಂಡ ಹೆಂಡತಿಗೆ ಒಂದು ಸಂಜೆ ಬಿಡುವು. ಅಂದು ಅವರ ಊಟವನ್ನು ಬುತ್ತಿ ಕಟ್ಟಿ ಕೊಡುತ್ತಾರೆ. ಇಬ್ಬರೂ ಹೊಳೆಯ ಕಟ್ಟೆಯ ಮೇಲೆ ಕೂತು ಉಂಡು, ದೀಪ ಹಚ್ಚುವ ಹೊತ್ತಿಗೆ ಮರಳುತ್ತಾರೆ. ಆ ಹೊತ್ತಿನಲ್ಲಿ ಯಾರೂ ಅವರನ್ನು ಕರೆಯುವಂತಿಲ್ಲ. ಮಾಡಿಗೆ ಬೆಂಕಿ ಬಿದ್ದರೂ ಉಳಿದವರೇ ಆರಿಸಬೇಕು.

ಇನ್ನೊಂದು ವರ್ಷದ ಪಾಟಿ. ಯುಗಾದಿಯ ಬೆಳಿಗ್ಗೆ ಪ್ರತಿಯೊಬ್ಬರ ಹೆಸರಿನಲ್ಲಿ ಒಂದು ಚಿಕ್ಕ ಪಾಟಿ, ಅದರಲ್ಲಿ ಆ ಮನುಷ್ಯನ ಮನಸ್ಸಿನಲ್ಲಿರುವ ಒಂದೇ ಒಂದು ಹಂಬಲ. ಆದರೆ ತನ್ನದನ್ನು ತಾನು ಬರೆಯುವಂತಿಲ್ಲ. ಗಂಡನದನ್ನು ಹೆಂಡತಿ ಬರೆಯಬೇಕು, ಹೆಂಡತಿಯದನ್ನು ಗಂಡ. ಇಂಥದ್ದು ಬರಿ ಎಂದು ಹೇಳಬಾರದು, ಏನು ಬರೆಯಲಿ ಎಂದು ಕೇಳಬಾರದು. ಹೇಳಿ ಬರೆಸಿದ್ದು ಅರ್ಜಿ, ತಿಳಿದು ಬರೆದದ್ದು ಸಂಸಾರ ಎಂದು ನಮ್ಮಲ್ಲಿ ಗಾದೆ. ಬರೆದದ್ದು ಸರಿಯಿದ್ದರೆ ಆ ಮನುಷ್ಯ ಪಾಟಿಗೆ ವಿಭೂತಿ ಹಚ್ಚುತ್ತಾನೆ. ಆಮೇಲೆ ಇಡೀ ಸಾಲು ಆ ಹಂಬಲಕ್ಕೆ ಹೆಗಲು ಕೊಡಬೇಕು. ಸರಿಯಿರದಿದ್ದರೆ ಮಾತಿಲ್ಲದೆ ಪಾಟಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾನೆ. ಒಂದು ವರ್ಷ ತಿರುವಿದರೆ ಜನ ನಗುತ್ತಾರೆ. ಎರಡು ವರ್ಷ ತಿರುವಿದರೆ ಸುಮ್ಮನಾಗುತ್ತಾರೆ. ಮೂರನೆಯ ವರ್ಷವೂ ತಿರುವಿದರೆ ಆ ಗಂಡ ಹೆಂಡತಿ ಒಂದು ವರ್ಷ ಬೇರೆ ಬೇರೆ ಸಾಲಿನಲ್ಲಿ ಇರಬೇಕು. ಇದು ಶಿಕ್ಷೆಯಲ್ಲ, ಒಬ್ಬರನ್ನೊಬ್ಬರು ದೂರದಿಂದ ನೋಡಲಿ ಎಂದು ಮಾಡಿದ್ದು ಎನ್ನುತ್ತಾರೆ ಹಿರಿಯರು. ವರ್ಷದ ಮೇಲೆ ಕೂಡಿ ಬಂದವರನ್ನು ನೋಡಿದ್ದೇನೆ. ಬಾರದವರನ್ನೂ ನೋಡಿದ್ದೇನೆ.

ನಮ್ಮ ಮನೆಯವರು ಎರಡು ವರ್ಷ ನಾನು ಬರೆದ ಪಾಟಿಯನ್ನು ತಿರುವಿಟ್ಟಿದ್ದರು.

ಅವರ ಹೆಸರು ಮಡಿವಾಳಪ್ಪ. ಬಾಯಿಂದ ಹೇಳುವುದಿಲ್ಲ, ಬರೆಯಲು ಅಡ್ಡಿಯಿಲ್ಲ. ವಯಸ್ಸು ಐವತ್ತನಾಲ್ಕು. ಊರಿನ ನೀರುಗಂಟಿ. ಹೊಳೆಯ ಮೆಟ್ಟಿಲಿಗೆ ಕೊರೆದ ಗೆರೆಗಳನ್ನು ದಿನಕ್ಕೆರಡು ಸಲ ನೋಡಿ, ನೀರು ಎಷ್ಟು ಏರಿತು ಎಷ್ಟು ಇಳಿಯಿತು ಎಂದು ಅಳೆದು, ಬಾವುಟ ಏರಿಸಿ ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಿಸುವುದು ಅವರ ಕೆಲಸ. ಬಿಳಿ ಬಾವುಟವಿದ್ದರೆ ನಿಶ್ಚಿಂತೆ, ಹಳದಿಯಾದರೆ ಎಚ್ಚರ, ಕೆಂಪು ಕಂಡರೆ ಕೆಳಗಿನವರು ದನಕರು ಬಿಚ್ಚಿಕೊಂಡು ದಿಬ್ಬ ಹತ್ತುತ್ತಾರೆ. ಮೂವತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿದವರಲ್ಲ. ನಮ್ಮ ಮದುವೆಯಾಗಿ ಇಪ್ಪತ್ತೆಂಟು ವರ್ಷ. ಮಾತು ಕಡಿಮೆ. ಮಾತು ಕಡಿಮೆಯಿರುವ ಗಂಡ ದೇವರು ಕೊಟ್ಟ ವರ ಎಂದೇ ನಾನು ತಿಳಿದಿದ್ದೆ.

ಮೊದಲನೆಯ ವರ್ಷ ನಾನು ಬರೆದದ್ದು ‘ಹಿತ್ತಲ ಬಾಗಿಲಿಗೆ ಹೊಸ ಚೌಕಟ್ಟು’. ಹುಳ ತಿಂದ ಆ ಚೌಕಟ್ಟು ನನ್ನ ಸೀರೆ ಹರಿಯುತ್ತಿತ್ತು, ಅವರದ್ದೇನೂ ಹರಿಯುತ್ತಿರಲಿಲ್ಲ. ತಿರುವಿಟ್ಟರು. ಅದು ನನ್ನ ತಪ್ಪೇ. ಎರಡನೆಯ ವರ್ಷ ಹುಷಾರಾಗಿ ಅವರನ್ನು ಗಮನಿಸಿದೆ. ನಸುಕಿನಲ್ಲೆದ್ದು ದಂಡೆಗುಂಟ ನಡೆಯತೊಡಗಿದರು. ಮೂರು ರೊಟ್ಟಿ ಉಣ್ಣುತ್ತಿದ್ದವರು ಎರಡಕ್ಕೆ ಇಳಿದರು. ತುಪ್ಪ ಬೇಡ, ಒಣಗಿದ ಕಟಕ ರೊಟ್ಟಿ, ಶೇಂಗಾಹಿಂಡಿ ಸಾಕು ಎಂದರು. ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿದರು. ನಾನು ಇದ್ದಲ್ಲೇ ಕೈಮುಗಿದೆ. ಮಲ್ಲಯ್ಯ ಇವರನ್ನು ಕರೆದಿದ್ದಾನೆ, ಇದು ಶ್ರೀಶೈಲದ ಪಾದಯಾತ್ರೆಯ ತಯಾರಿ, ವ್ರತ ಹಿಡಿದಿದ್ದಾರೆ, ಹೇಳಿಕೊಳ್ಳುತ್ತಿಲ್ಲ ಎಂದುಕೊಂಡೆ. ‘ಶ್ರೀಶೈಲಕ್ಕೆ ನಡೆದು ಹೋಗುವುದು’ ಎಂದು ದುಂಡಗೆ ಬರೆದೆ. ಅವರು ಓದಿದರು, ನನ್ನ ಮುಖ ನೋಡಿದರು, ಮಲಗಿದ ಕೂಸನ್ನು ಮಗ್ಗುಲಾಗಿಸುವ ಹಾಗೆ ಮೆಲ್ಲಗೆ ಪಾಟಿಯನ್ನು ಗೋಡೆಗೆ ತಿರುವಿದರು. ಯಾತ್ರೆಯನ್ನೇ ಒಲ್ಲೆನೆನ್ನುವ ಮನುಷ್ಯನೇ ಎಂದು ನನಗೆ ಒಂದು ವಾರ ಊಟ ಸೇರಲಿಲ್ಲ.

ಅವರು ನನ್ನ ಪಾಟಿಯ ಮೇಲೆ ಮೂರು ವರ್ಷದಿಂದ ಒಂದೇ ಮಾತು ಬರೆಯುತ್ತಿದ್ದರು ಎಂಬುದನ್ನೂ ಹೇಳಬೇಕು. ‘ವಾರಕ್ಕೊಂದು ದಿನ ಊಟದ ಪಾಟಿಯನ್ನು ಬೇರೆಯವರ ಕೈಗೆ ಕೊಡುವುದು.’ ನಾನು ನಗುತ್ತ ವಿಭೂತಿ ಹಚ್ಚುತ್ತಿದ್ದೆ. ಒಂದು ದಿನವೂ ಕೊಡಲಿಲ್ಲ. ಜೋಡಿಹೊತ್ತಿಗೂ ಆ ಪಾಟಿಯನ್ನು ಕಂಕುಳಲ್ಲಿ ಹಿಡಿದೇ ಹೋಗುತ್ತಿದ್ದೆ. ಅವರು ಹೊಳೆ ನೋಡುತ್ತ ಉಣ್ಣುತ್ತಿದ್ದರು. ನಾನು ಮುಂದಿನ ವಾರದ ಮಡಕಿಕಾಳು, ನುಚ್ಚು, ಹುಳಿಬಾನ ಎಂದು ಬರೆಯುತ್ತ ಉಣ್ಣುತ್ತಿದ್ದೆ. ಅನ್ನದ ಕೆಲಸ ದೇವರ ಕೆಲಸ, ಎಲ್ಲಿ ಕೂತು ಮಾಡಿದರೇನು ಎಂದು ನನ್ನ ವಾದ.

ಹೀಗೆ ಮೂರನೆಯ ಯುಗಾದಿ ಹತ್ತಿರ ಬಂತು. ನಮ್ಮ ಪಕ್ಕದ ಮನೆಯ ಕಾಶವ್ವ ನನ್ನೊಡನೆ ಕೂಡೊಲೆಯಲ್ಲಿ ಕೆಲಸ ಮಾಡುವವಳು. ನಾಲಗೆಗೆ ಎಲುಬಿಲ್ಲ, ಮನಸ್ಸಿಗೆ ಮುಚ್ಚಳವಿಲ್ಲ. ಒಂದು ದಿನ ಕಾಳು ಆರಿಸುತ್ತ ಕೇಳಿದಳು.

“ಏನ ನಿಂಬಕ್ಕ, ನಲವತ್ತಮೂರು ಮಂದಿ ಹೊಟ್ಟಿ ಗೊತ್ತೈತಿ ನಿನಗ. ಒಬ್ಬನ ಮನಸ ಗೊತ್ತಾಗವಲ್ದಲ್ಲ?”

“ನಿನ್ನ ಗಂಡಂದು ನಿನಗ ಗೊತ್ತೈತೇನು?”

“ಅವಗ ಮನಸ ಎಲ್ಲೈತವ್ವ? ಹೊಟ್ಟಿ ಒಂದ ಐತಿ. ಅದಕ್ಕ ನನಗ ಪಾಟಿ ಬರಿಯೂದು ಸಸಾರ.”

ನಗಬೇಕೆಂದು ಹೇಳಿದಳು. ನಾನು ಎದ್ದು ಒಳಗೆ ಹೋದೆ. ಒಂದು ವರ್ಷ ಅವರು ಆ ತುದಿಯ ಸಾಲಿನಲ್ಲಿ, ನಾನು ಈ ಸಾಲಿನಲ್ಲಿ. ಅವರ ಬುತ್ತಿಯನ್ನು ಬೇರೆ ಯಾರೋ ಕಟ್ಟುವುದು.

ನಿನ್ನ ಹಾಳೆ ಸಿಕ್ಕಿದ್ದು ಆ ವಾರ. ಹಬ್ಬಕ್ಕೆ ಅಟ್ಟ ಗುಡಿಸುವಾಗ ಹಳೆಯ ತಗಡಿನ ಡಬ್ಬಿಯಲ್ಲಿ, ಹೊಳೆಯುವ ತೆಳು ಹಾಳೆಯ ನಡುವೆ ಕೂಡಿಸಿಟ್ಟ ಕಾಗದ. ಮೇಲೆ ನಿನ್ನ ಹೆಸರು, ಬಾಗಲಕೋಟೆ ಎಂದು ಊರಿನ ಹೆಸರು. ಆಮೇಲೆ ಸೋಮವಾರದಿಂದ ರವಿವಾರದವರೆಗೆ ಗೆರೆ ಎಳೆದ ಚೌಕ ಮನೆಗಳು. ಬೆಳಿಗ್ಗೆ ಉಪ್ಪಿಟ್ಟು, ಡಬ್ಬಿಗೆ ಚಪಾತಿ ಬದನೆಕಾಯಿ ಪಲ್ಯ, ಸಂಜೆ ಅನ್ನ ಸಾರು. ‘ಮಾವನಿಗೆ ಉಪ್ಪು ಕಡಿಮೆ’, ‘ಸಣ್ಣವಳಿಗೆ ಖಾರ ಬೇಡ’. ನಾನು ಅಟ್ಟದ ಧೂಳಿನಲ್ಲೇ ಕೂತುಬಿಟ್ಟೆ. ಇದು ವಾರದ ಪಾಟಿಯೇ ಅಲ್ಲವೇ. ಈ ಕೆಲಸ ನನ್ನ ಕೈಗೆ ಎಲ್ಲಿಂದ ಬಂತು ಎಂದು ಗೊತ್ತಾಯಿತು. ಶನಿವಾರದ ಸಂಜೆಯ ಮನೆಯಲ್ಲಿ ಮಾತ್ರ ಊಟವಿರಲಿಲ್ಲ. ಇಂಗ್ಲಿಷಿನಲ್ಲಿ ಏನೋ ಬರೆದು, ಕೆಳಗೆ ಕನ್ನಡದಲ್ಲಿ ‘ನಾವಿಬ್ಬರೇ, ಹೊರಗೆ’ ಎಂದಿತ್ತು. ಇಂಗ್ಲಿಷಿನದನ್ನು ಶಾಲೆಯ ಅಕ್ಕೋರು ಓದಿ ಹೇಳಿದರು. ಅದು ಡೇಟ್ ನೈಟ್ ಅಂತೆ. ಆಗಷ್ಟೇ ಪರಿಚಯವಾದವರ ಹಾಗೆ ಗಂಡ ಹೆಂಡತಿ ಹೊರಗೆ ಹೋಗಿ ಉಂಡು ಬರುವ ಸಂಜೆಯಂತೆ. ಕಾಶವ್ವನಿಗೆ ಹೇಳಿದರೆ, “ಪರಿಚಯ ಆಗಿದ್ದಕ್ಕ ಇಷ್ಟ ಆಗೈತಿ, ಮತ್ತ್ಯಾಕ ಪರಿಚಯ?” ಎಂದಳು.

ಆ ಮಾತಿನ ಮೇಲೆ ಅಡ್ಡ ಹೊಡೆದ ಐದು ಗೀಟುಗಳಿದ್ದವು ಆಯಿ. ಐದು ವಾರ, ಐದು ಬಣ್ಣದ ಮಸಿ. ಪ್ರತಿ ಗೀಟಿನ ಪಕ್ಕ ನೀನು ಕಾರಣ ಬರೆದಿದ್ದೀ. ಮಗಳ ಪರೀಕ್ಷೆ. ಅತ್ತೆಗೆ ಜ್ವರ. ಅವರಿಗೆ ಮೀಟಿಂಗ್. ನೆಂಟರು. ಐದನೆಯದಕ್ಕೆ ‘ಸಾಕಾಗಿದೆ’ ಎಂದಷ್ಟೇ. ಕೆಳಗೆ ‘ಈ ವರ್ಷದ ನನ್ನ ಗುರಿಗಳು’ ಎಂದು ನಾಲ್ಕು ಸಾಲು: ದಿನಾ ನಡೆಯುವುದು, ತೂಕ ಇಳಿಸುವುದು, ಹಾರ್ಮೋನಿಯಂ ಮತ್ತೆ ತೆಗೆಯುವುದು, ಸಿಟ್ಟು ಕಡಿಮೆ ಮಾಡುವುದು. ತನ್ನ ಹಂಬಲವನ್ನು ತಾನೇ ಬರೆದುಕೊಳ್ಳುವುದು ನಮಗೆ ಹೊಸದು, ಓದುವಾಗ ನಿನ್ನ ಕೋಣೆಗೆ ಹೇಳದೆ ನುಗ್ಗಿದ ಹಾಗೆ ಸಂಕೋಚವಾಯಿತು. ಆದರೆ ನನ್ನ ಕಣ್ಣು ಗೀಟುಗಳ ಮೇಲೆಯೇ ಹೋಗುತ್ತಿತ್ತು. ನೀನು ಆ ಸಂಜೆಯನ್ನು ಐದು ಸಲ ಕಳೆದುಕೊಂಡೆ, ಪ್ರತಿ ಸಲ ಬೇರೆಯವರಿಗಾಗಿ, ಪ್ರತಿ ಸಲ ಕಾರಣ ಬರೆದಿಟ್ಟು. ನಮ್ಮ ಕಾಲದಲ್ಲಿ ಆ ಸಂಜೆಯನ್ನು ಯಾರೂ ಕಸಿಯುವಂತಿಲ್ಲ. ಊರೇ ಕಾವಲು ನಿಂತು ಕೊಟ್ಟ ಸಂಜೆಗೆ ನಾನು ಹನ್ನೊಂದು ವರ್ಷ ಪಾಟಿ ಹಿಡಿದು ಹೋದೆ. ನಿನ್ನನ್ನು ನೋಡಿ ಅಯ್ಯೋ ಎನಿಸಿತು. ಆಮೇಲೆ ನನ್ನನ್ನು ನೋಡಿ ನಾಚಿಕೆಯಾಯಿತು.

ಹಬ್ಬಕ್ಕೆ ಮೊದಲಿನ ಕೊನೆಯ ಜೋಡಿಹೊತ್ತಿಗೆ ಪಾಟಿಯನ್ನು ಮನೆಯಲ್ಲಿಟ್ಟು ಹೋದೆ. ಅವರು ನನ್ನ ಬರಿಗೈ ನೋಡಿದರು.

“ಪಾಟಿ ಎಲ್ಲೈತಿ?”

“ಮನ್ಯಾಗ.”

“ಮರತ ಬಂದೇನು? ಹೋಗಿ ತರ್ಲಿ?”

“ಮರತಿಲ್ಲ. ಇಟ್ಟ ಬಂದೀನಿ.”

“ಮೈಯಾಗ ಆರಾಮ ಐತಿಲ್ಲೋ?”

“ಐತ್ರಿ. ಉಣ್ರಿ ಸುಮ್ಮನ.”

ಬುತ್ತಿ ಬಿಚ್ಚಿ ಉಣ್ಣತೊಡಗಿದೆವು. ಕೈಯಲ್ಲಿ ಸುಣ್ಣದ ಕಡ್ಡಿ ಇಲ್ಲದೆ ನನ್ನ ಬೆರಳುಗಳು ಸೆರಗಿನ ಅಂಚು ತಿರುವುತ್ತಿದ್ದವು. ಆಮೇಲೆ ಅವರು, “ಇವತ್ತ ನೀರು ನಾಕ ಬೆರಳ ಇಳದೈತಿ” ಎಂದರು. ಪ್ರತಿ ಸಲ ಇದನ್ನೇ ಹೇಳುತ್ತಾರೆ, ಏರಿತು ಇಲ್ಲವೆ ಇಳಿಯಿತು. ಪ್ರತಿ ಸಲ ನಾನು ಹೂಂ ಎನ್ನುತ್ತೇನೆ. ಅಂದು “ಯಾಕ ಇಳೀತ್ರಿ?” ಎಂದೆ.

ಅವರು ತುತ್ತು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದರು. ಮೇಲಿನವರು ಹೊಲಕ್ಕೆ ನೀರು ಬಿಟ್ಟಿರಬೇಕೆಂದೂ, ಅವರು ಬಿಟ್ಟದ್ದು ಇಲ್ಲಿ ತಿಳಿಯಲು ಐದು ದಿನ ಬೇಕೆಂದೂ, ಅದಕ್ಕೂ ಮೇಲೆ ಹೊಳೆ ಎಷ್ಟು ಕವಲಾಗುತ್ತದೆಂದೂ ಹೇಳತೊಡಗಿದರು. ಹೇಳುತ್ತ ಹೇಳುತ್ತ ಎದ್ದು, “ಬಾ, ಒಂದ ತೋರಸ್ತೀನಿ” ಎಂದು ಅಳತೆಯ ಮೆಟ್ಟಿಲಿಗೆ ಕರೆದೊಯ್ದರು. ನಾವು ಕೂರುವ ಜಾಗದಿಂದ ಮೂವತ್ತು ಹೆಜ್ಜೆ ಇರಬಹುದು. ಅಲ್ಲಿ ಗೋಡೆಯ ಗೂಡಿನಲ್ಲಿ ಸಾಲಾಗಿ ಸಾಮಾನು ಇಟ್ಟಿದ್ದರು. ಒಣಗಿದ ನೀಲಿ ಹೂವು, ಒಂದು ಹಿಡಿ ಕಪ್ಪು ಬೀಜ, ತುದಿ ಮುರಿದ ಮರದ ಸವಟು.

“ಈ ಹೂ ಶ್ರಾವಣದಾಗ ತೇಲಿ ಬರತೈತಿ. ನಮ್ಮ ಕಡೆ ಇಂಥಾದ್ದಿಲ್ಲ. ಈ ಸವಟು ಯಾರ ಮನೀದೋ, ಅಡಿಗಿ ಮಾಡಾಕಿ ಅವತ್ತ ಎಷ್ಟ ಬೈದಾಳೋ ಏನೋ.” ಅದನ್ನು ಮತ್ತೆ ಗೂಡಿನಲ್ಲಿಟ್ಟರು. “ಮೂವತ್ತ ವರ್ಷ ಆತು ನಿಂಬಿ, ಈ ನೀರ ಅಳ್ಯಾಕ ಹತ್ತಿ. ಎಲ್ಲಿಂದ ಬರತೈತಿ ಅಂತ ಹುಡುಗರು ಕೇಳಿದ್ರ ಪಡುವಣಕ್ಕ ಕೈ ಮಾಡಿ ತೋರಸ್ತೀನಿ. ಆ ಕಡೆ ನನ್ನ ಕೈ ಅಷ್ಟ ಹೋಗೈತಿ ನೋಡು.”

ಆಗ ನನಗೆ ಹೊಳೆಯಿತು. ಪ್ರತಿ ಚೈತ್ರದಲ್ಲಿ ಬೇರೆ ಬೇರೆ ಊರುಗಳ ನೀರುಗಂಟಿಗಳು ಕೂಡಿ, ದಂಡೆಗುಂಟ ನಡೆದು ಹೊಳೆ ಹುಟ್ಟುವ ಬೆಟ್ಟಕ್ಕೆ ಹೋಗುತ್ತಾರೆ. ಇದಕ್ಕೆ ಮೇಲೇರು ಎನ್ನುತ್ತೇವೆ. ಮಳೆಗಾಲವೆಲ್ಲ ಅಲ್ಲಿದ್ದು, ಎಲ್ಲಿಯ ಮಳೆ ಎಷ್ಟು ದಿನಕ್ಕೆ ಎಲ್ಲಿಗೆ ಇಳಿಯುತ್ತದೆಂದು ಕಲಿತು, ದಸರೆ ಕಳೆದ ಮೇಲೆ ಮರಳುತ್ತಾರೆ. ಏಳು ತಿಂಗಳು. ಯಾರ ವರ್ಷದ ಪಾಟಿಯಲ್ಲಿ ಹಾಗೆಂದು ಬರೆದಿದೆಯೋ ಅವರು ಮಾತ್ರ ಹೋಗಬಹುದು. ಆ ನಡಿಗೆ, ಆ ಒಣರೊಟ್ಟಿ, ಆ ಚಪ್ಪಲಿ, ಎಲ್ಲ ಇದಕ್ಕಾಗಿ. ಶ್ರೀಶೈಲ ನಮ್ಮ ಹೊಳೆಯ ಕೆಳಗಿದೆ, ಮೂಡಣಕ್ಕೆ. ಅವರು ನೋಡುತ್ತಿದ್ದುದು ಮೇಲಕ್ಕೆ, ಪಡುವಣಕ್ಕೆ. ಶ್ರೀಶೈಲ ನನ್ನ ಹಂಬಲವಾಗಿತ್ತು. ಅದನ್ನು ಅವರ ಕಾಲಿಗೆ ಕಟ್ಟಿ ಕಳಿಸಲು ಹೊರಟಿದ್ದೆ.

“ಹಂಗಾದ್ರ ನೀವು...” ಎಂದು ಬಾಯಿ ತೆರೆದೆ.

“ಬ್ಯಾಡ. ಕೇಳಬ್ಯಾಡ ನಿಂಬಿ. ಕೇಳಿದ್ರ ಅರ್ಜಿ ಆಗತೈತಿ.”

ಅಂದು ಮನೆಗೆ ಬರುವಾಗ ಸಂತೋಷಪಡಬೇಕಾಗಿತ್ತು, ಗೊತ್ತಾಯಿತಲ್ಲ ಎಂದು. ಆಗಲಿಲ್ಲ. ಹೋದ ವರ್ಷ ಮೇಲೇರಿಗೆ ಹೋದ ಒಂಬತ್ತು ಜನರಲ್ಲಿ ಇಬ್ಬರು ಬರಲಿಲ್ಲ, ಗುಡ್ಡ ಜಾರಿತಂತೆ. ಇವರ ಎಡ ಮಂಡಿ ಮೆಟ್ಟಿಲು ಇಳಿಯುವಾಗ ಕಟಕಟ ಎನ್ನುತ್ತದೆ. ತಪ್ಪು ಬರೆದರೆ ಒಂದು ವರ್ಷ ಆ ತುದಿಯ ಸಾಲಿನಲ್ಲಿರುತ್ತಾರೆ, ಬೆಳಿಗ್ಗೆ ಸಂಜೆ ಕಣ್ಣಿಗಾದರೂ ಕಾಣುತ್ತಾರೆ. ಸರಿ ಬರೆದರೆ ಹೊಳೆಯ ತಿರುವಿನಲ್ಲಿ ಮರೆಯಾಗುತ್ತಾರೆ. ಇಂಥ ಪೇಚಿಗೆ ಯಾವ ಗಾದೆಯೂ ಇರಲಿಲ್ಲ.

ಅಮಾವಾಸ್ಯೆಯ ದಿನ, ಹಬ್ಬದ ಹಿಂದಿನ ಮಧ್ಯಾಹ್ನ, ಕಾಶವ್ವ ಬೇವಿನ ಹೂ ಬಿಡಿಸುತ್ತ ಸುದ್ದಿ ತಂದಳು.

“ಇನ್ನ ಅಂಜಬ್ಯಾಡ ಅಕ್ಕ. ನಿನ್ನ ಗಂಡ ನನ್ನ ಗಂಡನ ಮುಂದ ಹೇಳ್ಯಾನಂತ, ಈ ಸಲ ಆಕಿ ಏನ ಬರದ್ರೂ ವಿಭೂತಿ ಹಚ್ಚತೀನಿ, ಈ ವಯಸ್ಸಿನ್ಯಾಗ ಆಕೀನ ಬಿಟ್ಟಿರೂದು ನನ್ನ ಕೈಲೆ ಆಗಾಂಗಿಲ್ಲ ಅಂತ. ನೀ ‘ಗಡ್ಡ ಬೋಳಿಸಬೇಕು’ ಅಂತ ಬರಿ. ನಡೀತೈತಿ.”

ಅವಳು ಒಳ್ಳೆಯದಕ್ಕೇ ಹೇಳಿದಳು. ನಾನು ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಪಾಟಿ ತೆಗೆದುಕೊಂಡೆ. ‘ಹೊಳೆಯ ಮುರಿದ ಮೆಟ್ಟಿಲು ಕಟ್ಟಿಸುವುದು’ ಎಂದು ಬರೆದೆ. ಚಂದದ ಕೆಲಸ, ಊರಿಗೂ ಬೇಕು, ಅವರ ಕೆಲಸಕ್ಕೂ ಒಪ್ಪುತ್ತದೆ. ಅವರು ಹಚ್ಚುತ್ತಾರೆ. ಬೇರೆ ಸಾಲೂ ಇಲ್ಲ, ಬೆಟ್ಟವೂ ಇಲ್ಲ. ಪಾಟಿಯನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು ಎಷ್ಟೋ ದಿನದ ಮೇಲೆ ಕಣ್ತುಂಬ ಮಲಗಿದೆ.

ಹಬ್ಬದ ನಸುಕಿನಲ್ಲಿ ಮಿಂದು ಪೂಜೆಗೆ ಕೂತೆ. ಎಡಗೈಯಲ್ಲಿ ಲಿಂಗವಿಟ್ಟು ದೃಷ್ಟಿ ನೆಟ್ಟೆ. ದಿನಾ ನಿಲ್ಲುವ ದೃಷ್ಟಿ ಅಂದು ನಿಲ್ಲಲಿಲ್ಲ, ಪಾಟಿಯ ಕಡೆಗೇ ಜಾರುತ್ತಿತ್ತು. ಶಿವನೊಡನೆ ವಾದಕ್ಕೆ ಇಳಿದೆ. ಮೆಟ್ಟಿಲು ಮುರಿದದ್ದು ಖರೆ, ಸುಳ್ಳೇನೂ ಬರೆದಿಲ್ಲ ಎಂದೆ. ನನಗಾಗಿ ಅಲ್ಲ, ಅವರ ಮಂಡಿಗಾಗಿ ಎಂದೆ. ಅವನು ತಿರುಗಿ ವಾದ ಮಾಡುವವನಲ್ಲ, ಅದೇ ಅವನೊಡನೆ ಇರುವ ಕಷ್ಟ. ನನ್ನ ಮಾತು ನನಗೇ ಕೇಳಿಸತೊಡಗಿತು. ಎರಡು ವರ್ಷ ತಿಳಿಯದೆ ತಪ್ಪು ಬರೆದೆ, ಅದನ್ನು ಅವನು ಹೊಟ್ಟೆಗೆ ಹಾಕಿಕೊಂಡಾನು. ತಿಳಿದ ಮೇಲೆ ಬರೆಯುವ ತಪ್ಪಿಗೆ ನನ್ನ ಹತ್ತಿರ ನೆಪ ಯಾವುದಿದೆ? ಅವರು ನನಗಾಗಿ ತಮ್ಮ ಹಂಬಲ ಬಿಟ್ಟು ವಿಭೂತಿ ಹಚ್ಚುತ್ತಾರೆ. ಆಮೇಲೆ ಸಾಯುವ ತನಕ ಪ್ರತಿ ಸಂಜೆ ‘ನೀರು ಇಳದೈತಿ’ ಎನ್ನುತ್ತಾರೆ. ನಾನು ಹೂಂ ಎನ್ನಬೇಕು.

ಪೂಜೆ ಮುಗಿಸಿ ಒದ್ದೆ ಸೆರಗಿನಿಂದ ಪಾಟಿ ಒರೆಸಿದೆ.

ಕೂಡೊಲೆಯ ಅಂಗಳದಲ್ಲಿ ಬೇವುಬೆಲ್ಲ ಹಂಚಿದ ಮೇಲೆ ಪಾಟಿಗಳನ್ನು ಓದುವುದು. ಮೊದಲು ನನ್ನದು ಓದಿದರು. ಮತ್ತೆ ಅದೇ, ಊಟದ ಪಾಟಿ ವಾರಕ್ಕೊಂದು ದಿನ ಬೇರೆಯವರಿಗೆ. ಎಲ್ಲರೂ ನಕ್ಕರು. ನಾನು ನಗದೆ ವಿಭೂತಿ ಹಚ್ಚಿದೆ. ಆಮೇಲೆ ಅವರ ಪಾಟಿ. ‘ಹೊಳೆ ಹುಟ್ಟುವ ಜಾಗ ನೋಡಿ ಬರುವುದು.’ ಓದಿದ ಹುಡುಗಿ ಇನ್ನೇನೋ ಇದೆಯೇನೋ ಎಂದು ಹಿಂಬದಿ ತಿರುಗಿಸಿ ನೋಡಿದಳು. ಅವರು ಪಾಟಿಯನ್ನು ಕೈಗೆ ತೆಗೆದುಕೊಂಡು, ತುಟಿ ಆಡಿಸುತ್ತ, ಅಕ್ಷರ ಅಕ್ಷರ ತಾವೇ ಓದಿದರು.

“ಏಳ ತಿಂಗಳ ಆಗತೈತಿ, ನಿಂಬಿ.”

“ಗೊತ್ತೈತ್ರಿ.”

“ಇಲ್ಲಿ ನೀರ ಯಾರ ಅಳೀತಾರ?”

“ನಾ ಅಳೀತೀನಿ.”

“ನಿನ್ನ ಪಾಟಿ?”

“ಕಾಶವ್ವ ಬರೀತಾಳ. ವಾರಕ್ಕೊಂದ ದಿನ ಅಲ್ಲ, ಏಳೂ ದಿನ.”

“ಅಯ್ಯ, ನನ್ನ ಯಾರ ಕೇಳಿದ್ರು?” ಎಂದಳು ಕಾಶವ್ವ ಹಿಂದಿನಿಂದ.

ಅವರು ವಿಭೂತಿಯ ಬಟ್ಟಲಿಗೆ ಕೈ ಹಾಕಿದರು. ಮೂರು ಬೆರಳಿಗೆ ಬರಬೇಕಾದದ್ದು ಹಿಡಿಗಟ್ಟಲೆ ಬಂತು. ಪಾಟಿ ತುಂಬ ಹಚ್ಚಿದರು. ಬರೆದದ್ದೇ ಕಾಣದಷ್ಟು ಹಚ್ಚಿದರು.

ಐದು ದಿನದಲ್ಲಿ ತಯಾರಿ. ಸಾಲಿನವರೆಲ್ಲ ಕೈಜೋಡಿಸಿದರು. ಒಬ್ಬರು ಕಂಬಳಿ ಕೊಟ್ಟರು, ಒಬ್ಬರು ಮಂಡಿಗೆ ಕಟ್ಟುವ ಪಟ್ಟಿ ಹೊಲಿದರು. ನಾನು ಕಟಕ ರೊಟ್ಟಿ ಬಡಿದು ಒಣಗಿಸಿದೆ, ಶೇಂಗಾಹಿಂಡಿ, ಗುರೆಳ್ಳುಹಿಂಡಿ ಕುಟ್ಟಿದೆ. ಚಟ ಹೋಗಲಿಲ್ಲ, ಯಾವ ದಿನ ಯಾವುದನ್ನು ತಿನ್ನಬೇಕೆಂದು ನಲವತ್ತು ದಿನದ ದಾರಿಗೆ ಯಾದಿ ಮಾಡಿಕೊಟ್ಟೆ. “ಯಾದಿ ಬ್ಯಾಡ ಮಾರಾಯ್ತಿ, ಹಸಿವಾದಾಗ ಕೈಗೆ ಸಿಕ್ಕಿದ್ದ ತಿಂತೀನಿ” ಎಂದರು. ಅದನ್ನು ಅವರೆದುರಿಗೇ ಹರಿದೆ. ಆರನೆಯ ದಿನ ನಸುಕಿನಲ್ಲಿ ಹೊರಟರು. ತಿರುವಿನವರೆಗೆ ಹೋಗಿ ನಿಂತೆ. ಹಿಂದೆ ನೋಡಬಾರದು ಎಂಬುದು ಮೇಲೇರಿನವರ ನಿಯಮ. ಅವರು ನಿಯಮ ಮುರಿದು ಎರಡು ಸಲ ನೋಡಿದರು.

ಕಾಶವ್ವ ಬರೆದ ಮೊದಲ ದಿನವೇ ಒಪ್ಪತ್ತಿನ ಮನೆಗೆ ಉಳ್ಳಾಗಡ್ಡಿ ಹಾಕಿದ ಝುಣಕ ಹೋಯಿತು. ಹಲ್ಲಿಲ್ಲದ ಮುದುಕನಿಗೆ ಕಟಕ ರೊಟ್ಟಿ ಬಂತು. ಎರಡು ಜಗಳವಾದವು. ಯಾರೂ ಉಪವಾಸ ಬೀಳಲಿಲ್ಲ. ನಾನಿಲ್ಲದೆ ಸಾಲು ಉಂಡಿತು ಎಂಬುದನ್ನು ನುಂಗಲು ನನಗೆ ಎರಡು ದಿನ ಹಿಡಿಯಿತು.

ಆಯಿ, ನಮ್ಮ ಪದ್ಧತಿ ನಿಮ್ಮದಕ್ಕಿಂತ ಮೇಲು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ತಾನಾಗಿ ತಿಳಿಯಲಿ ಎಂದು ಅವರು ಕಾದರು, ಕೇಳಬಾರದೆಂದು ನಾನು ಸುಮ್ಮನಿದ್ದೆ. ನಮ್ಮ ನಿಯಮವೇ ನಮಗೆ ಎರಡು ವರ್ಷ ಅಡ್ಡ ನಿಂತಿತು. ನಿಮ್ಮ ಕಾಲದಲ್ಲಿ ಆ ಅಡ್ಡಿಯಿಲ್ಲ. ಎದುರಿಗೆ ಕೂತವರನ್ನು ‘ನಿಮ್ಮ ಮನಸ್ಸಿನಲ್ಲಿ ಏನಿದೆ’ ಎಂದು ಬಾಯಿಬಿಟ್ಟು ಕೇಳಿದರೆ ಯಾರೂ ಅದನ್ನು ಅರ್ಜಿ ಎನ್ನುವುದಿಲ್ಲ. ಅಂಥ ಸಲೀಸು ನಮಗೆ ಸಿಗಲಿಲ್ಲ. ಆದ್ದರಿಂದ ನಿನ್ನಲ್ಲಿ ಒಂದೇ ಬೇಡಿಕೆ. ಮನೆಯಲ್ಲಿ ಯಾರಾದರೂ ಮಾತು ಕಡಿಮೆ ಮಾಡಿದರೆ ಅದನ್ನು ಸಮಾಧಾನವೆಂದು ತಿಳಿಯಬೇಡ. ಅವರು ದಿನಾ ಹೇಳುವ ಸಣ್ಣ ಮಾತಿಗೆ ಒಂದು ‘ಯಾಕೆ’ ಹೆಚ್ಚಿಗೆ ಕೇಳು. ಅವರೂ ನಿನ್ನನ್ನು ಕೇಳಲಿ. ಉತ್ತರ ಸಿಕ್ಕರೆ ಕಷ್ಟವೂ ಬರಬಹುದು, ಅದನ್ನು ಮುಚ್ಚಿಟ್ಟು ಹೇಳುವುದಿಲ್ಲ. ಹೋಗಬೇಡಿ ಎನ್ನಲು ನನಗೆ ಒಂದು ತಪ್ಪು ಪಾಟಿ ಸಾಕಿತ್ತು. ಈಗ ಪ್ರತಿದಿನ ಪೂಜೆಯಲ್ಲಿ ಅವರನ್ನು ತಿರುಗಿ ತಾ ಎಂದು ಬೇಡುತ್ತೇನೆ. ಶಿವ ಕೊಡುತ್ತೇನೆ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ.

ಇದನ್ನು ಅಳತೆಯ ಮೆಟ್ಟಿಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅವರು ಹೋಗಿ ಇಂದಿಗೆ ನಾಲ್ಕು ದಿನ. ನಸುಕಿನಲ್ಲಿ ನೋಡಿದಾಗ ನೀರು ಎರಡು ಬೆರಳು ಏರಿತ್ತು. ತಪ್ಪಿರಬೇಕೆಂದು ಮೂರು ಸಲ ಅಳೆದೆ. ಚೈತ್ರದಲ್ಲಿ ಏರುವ ನೀರಲ್ಲ ಅದು. ಮೇಲೆ ಎಲ್ಲಿಯೋ ಅಕಾಲದ ಮಳೆ ಬಿದ್ದಿದೆ. ಅವರು ನಡೆಯುವ ದಾರಿಯಲ್ಲೇ ಬಿದ್ದಿರಬಹುದು. ನೆನೆದರೋ, ಯಾವುದಾದರೂ ಮಾಡಿನ ಕೆಳಗೆ ನಿಂತರೋ, ನನಗೆ ಬಂದು ಮುಟ್ಟುವ ಸುದ್ದಿ ಇಷ್ಟೇ, ಎರಡು ಬೆರಳು. ಹಳದಿ ಬಾವುಟ ಏರಿಸಬೇಕು. ಕೆಳಗಿನ ಊರಿನವರು ಈ ಹೊತ್ತಿಗೆ ಇತ್ತಲೇ ನೋಡುತ್ತಿರುತ್ತಾರೆ. ಏಳುತ್ತೇನೆ.

ಶರಣು ಆಯಿ.

ನಿನ್ನ ಕುಡಿ,
ನಿಂಬೆವ್ವ